ಮಾಮಿಯ ಮೊಣಕಾಲಿನ ಮೆಶಿನು

ಬಂಟ್ವಾಳ ಪೇಟೆಯಲ್ಲಿ ಸೌದಾಳ ಹೊಲಿಗೆ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ಕೈ ತೋರಿಸುತ್ತಾರೆ. ನೇತ್ರಾವತಿಯ ನೀರು ಮೇಲೆ ಬರುವ ಸುದ್ದಿ ಸಿಕ್ಕಿದ ಕೂಡಲೇ ಹೊಲಿಗೆ ಮೆಶಿನನ್ನು ಅಟ್ಟಕ್ಕೇರಿಸಿ, ನೀರಿಳಿದ ಮರುದಿನವೇ ನೆಲ ತೊಳೆದು ಮತ್ತೆ ಪೆಡಲು ತುಳಿಯಲು ಕೂರುವ ಹೆಂಗಸು ಅವಳು. ರವಿಕೆಯ ತೋಳು ಬಿಗಿಯಾಯಿತೆಂದು ಅವಳ ಗಿರಾಕಿಗಳು ಯಾರೂ ದೂರಿದ್ದಿಲ್ಲ. ಆದರೆ ಅಳತೆಗೆಂದು ಪರದೆಯ ಹಿಂದೆ ಹೋದ ಕೆಲವು ಹೆಂಗಸರು ಬೇಗ ಹೊರಗೆ ಬರುವುದಿಲ್ಲ. ಬೆಂಚಿನಲ್ಲಿ ಕಾದು ಕೂತವರು, ‘ಎಂತ, ಬರೀ ಒಂದು ರವಿಕೆಗೆ ಇಷ್ಟು ಅಳತೆಯಾ?’ ಎಂದು ಗೊಣಗುತ್ತಾರೆ.

ಒಳಗೆ ಟೇಪು ಯಾವಾಗಲೋ ಸುತ್ತಿಟ್ಟಾಗಿರುತ್ತದೆ. ಮದುವೆಯಾಗಿ ವರ್ಷ ಕಳೆದರೂ ಗಂಡ ಹತ್ತಿರ ಬಂದರೆ ಮೈ ಮರಗಟ್ಟುತ್ತದೆ ಎನ್ನುವವಳೊಬ್ಬಳು, ಹೆರಿಗೆಯ ನಂತರ ನೋವು ಬಿಟ್ಟೇ ಇಲ್ಲ ಎನ್ನುವವಳು ಇನ್ನೊಬ್ಬಳು. ಸೌದಾ ಎಲ್ಲರಿಗೂ ಮೊದಲು ಹೇಳುವುದು ಒಂದೇ ಮಾತು: “ನೋವನ್ನು ಸಹಿಸಿಕೊಂಡು ಇರಬೇಕು ಅಂತ ಏನೂ ಇಲ್ಲ. ಮೂಡಬಿದ್ರೆಗೆ ಹೋಗು, ಡಾಕ್ಟ್ರನ್ನು ಕಾಣು.” ಡಾಕ್ಟ್ರು ಹೇಳಿದ ವಸ್ತುವನ್ನು ಆರಿಸುವುದು ಹೇಗೆಂದು ಗೊತ್ತಾಗದೆ ನಾಚಿಕೊಂಡು ಮತ್ತೆ ಬಂದವರಿಗೆ ಅದನ್ನೂ ಹೇಳಿಕೊಡುತ್ತಾಳೆ. ಎಷ್ಟೋ ಸಂಸಾರಗಳು ಅವಳನ್ನು ನೆನೆಯುತ್ತವೆ, ಏಕೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ.

ಇಷ್ಟು ಧೈರ್ಯ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಕನ್ಯಾನದಿಂದ ಮದುವೆಯಾಗಿ ಬಂದಾಗ ಸೌದಾ ನಾಲ್ಕು ಜನರೆದುರು ಕುಡಿಯಲು ನೀರು ಕೇಳುವುದಕ್ಕೂ ಹಿಂಜರಿಯುತ್ತಿದ್ದಳು. ಗಂಡ ಇರ್ಷಾದ್ ದುಬೈಯಲ್ಲಿ ಬಟ್ಟೆಯಂಗಡಿಯ ಸೇಲ್ಸ್‌ಮ್ಯಾನ್. ಎರಡು ವರ್ಷಕ್ಕೊಮ್ಮೆ ಬಂದು, ಮನೆಯ ವಾಸನೆ ಮೈಗೆ ಹತ್ತುವಷ್ಟರಲ್ಲಿ ಹೊರಡುವವನು. ಒಳ್ಳೆಯವನು, ಗಟ್ಟಿ ಮಾತಾಡಿದವನಲ್ಲ. ತೊಂಬತ್ತೇಳರಲ್ಲಿ ಮಗಳು ಹುಟ್ಟುವಾಗ ಹೆರಿಗೆ ಕಷ್ಟವಾಗಿ ಹೊಲಿಗೆಗಳು ಬಿದ್ದವು. ಗಾಯ ಒಣಗಿತು, ನೋವು ಮಾತ್ರ ಒಳಗೇ ಉಳಿಯಿತು. ಇರ್ಷಾದ್ ಮುಂದಿನ ರಜೆಯಲ್ಲಿ ಬಂದಾಗ ಸೌದಾ ಹಲ್ಲು ಕಚ್ಚಿಕೊಂಡಳು, ಕಣ್ಣು ಮುಚ್ಚಿಕೊಂಡಳು. ಆಮೇಲೆ ತಲೆನೋವು, ಮೈಕೈ ನೋವು ಎಂದು ಒಂದೊಂದೇ ನೆಪ ಹುಡುಕಿದಳು. ಅವನು ಏನೂ ಕೇಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದ.

ಅವನನ್ನು ಕಳುಹಿಸಿಕೊಡಲು ಬಜಪೆ ವಿಮಾನ ನಿಲ್ದಾಣಕ್ಕೆ ಹೋದ ದಿನ ಎಲ್ಲರೂ ಅತ್ತರು. ಜೀಪಿನ ಡ್ರೈವರು ಕೂಡ ಕಣ್ಣೊರೆಸಿಕೊಂಡ. ಸೌದಾಳಿಗೆ ಮಾತ್ರ ಒಂದು ಹನಿಯೂ ಬರಲಿಲ್ಲ. ಇರ್ಷಾದ್ ಬಾಗಿಲು ದಾಟಿ ಮರೆಯಾಗುತ್ತಲೇ ಅವಳ ಹೆಗಲ ಮೇಲಿನ ಭಾರ ಇಳಿದಂತಾಯಿತು. ಹಾಗೆ ಅನಿಸಿದ್ದೇ ತಡ, ಕಟ್ಟಿಕೊಂಡ ಗಂಡ ಹೋದದ್ದಕ್ಕೆ ನೆಮ್ಮದಿಪಡುವ ಹೆಂಗಸು ತಾನೆಂಥವಳು ಎಂದು ಬುರ್ಖಾದೊಳಗೆ ಮುಖ ಮರೆಸಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಅತ್ತೆ ಜೈನಬಮ್ಮ ಅವಳನ್ನೊಮ್ಮೆ ನೋಡಿ, ತಮ್ಮ ಕಣ್ಣೊರೆಸಿಕೊಂಡರು.

ಜೈನಬಮ್ಮನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಆ ಮನೆಯಲ್ಲಿ ಅವರ ಕಿವಿ ಮಂದ ಎಂದೇ ಎಲ್ಲರೂ ನಂಬಿದ್ದರು. ಮಕ್ಕಳು ‘ಉಮ್ಮ, ಸ್ವಲ್ಪ ದುಡ್ಡು’ ಎಂದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಹಿಂದಿನ ಮನೆಯ ಖದೀಜ ಯಾರ ಸುದ್ದಿಯನ್ನಾದರೂ ಪಿಸುಗುಟ್ಟಿದರೆ ಮಾತ್ರ ಕೇಳಿಸುತ್ತಿತ್ತು.

ಮುಂದಿನ ರಜೆಯ ಕಾಲ ಬಂತು, ಇರ್ಷಾದ್ ಬರಲಿಲ್ಲ. ಶುಕ್ರವಾರ ಜುಮಾ ನಮಾಜು ಮುಗಿಸಿ ಫೋನು ಮಾಡಿದಾಗಲೆಲ್ಲ, “ಅರಬಿ ಬಿಡುವುದಿಲ್ಲ ಉಮ್ಮ, ಅಂಗಡಿಯಲ್ಲಿ ಜನ ಇಲ್ಲ” ಎನ್ನುತ್ತಿದ್ದ. ಅಷ್ಟರಲ್ಲಿ ಅದೇ ಅಂಗಡಿಯ ಅಸ್ಕರ್ ಊರಿಗೆ ಬಂದವನು ಪಾರ್ಸೆಲು ಕೊಡಲು ಮನೆಗೆ ಬಂದ. ಚಾ ಕುಡಿಯುತ್ತ, ಏನೂ ಅರಿಯದೆ, “ಇರ್ಷಾದ್‌ಚ್ಚನ ಉಪಕಾರ ಮರೆಯಲಿಕ್ಕಿಲ್ಲ. ರಜೆ ಸಿಕ್ಕಿದ್ದು ಅವರಿಗೆ, ‘ನೀನು ಹೋಗು ಮಾರಾಯ, ನನಗೆ ಅಂಥ ಅರ್ಜೆಂಟು ಇಲ್ಲ’ ಅಂತ ನನಗೆ ಬಿಟ್ಟುಕೊಟ್ಟರು” ಎಂದ. ಸೌದಾ ಬಿಸ್ಕತ್ತಿನ ತಟ್ಟೆಯನ್ನು ಅವನ ಮುಂದಿಟ್ಟು ಒಳಗೆ ಹೋದಳು. ಗಂಡ ಬರಲಾಗದೆ ಉಳಿದದ್ದಲ್ಲ, ಬರಲು ಮನಸ್ಸಿಲ್ಲದೆ ಉಳಿದದ್ದು. ಹೀಗೇ ಒಂದೊಂದು ರಜೆ ತಪ್ಪಿಸಿದರೆ ಕೊನೆಗೆ ಸಂಸಾರವೆಂಬುದು ಶುಕ್ರವಾರದ ಫೋನು ಮಾತ್ರವಾಗಿ ಉಳಿಯುತ್ತದೆ ಎಂದು ಅವಳಿಗೆ ಸ್ಪಷ್ಟವಾಯಿತು.

ಆ ವಾರವೇ ಅವಳು ಮೂಡಬಿದ್ರೆಯ ಹೆಂಗಸರ ಡಾಕ್ಟ್ರು ಅನಂತಮತಿಯವರಲ್ಲಿಗೆ ಹೊರಟಳು. ಬಂಟ್ವಾಳದಲ್ಲಿ ಡಾಕ್ಟ್ರಿಲ್ಲ ಎಂದಲ್ಲ. ಇಲ್ಲಿ ಚೀಟಿ ಬರೆಯುವವಳೂ ಮದ್ದು ಕೊಡುವವನೂ ನೆಂಟರೇ. ಹೊಟ್ಟೆನೋವೆಂದು ಸುಳ್ಳು ಹೇಳಿ ಒಬ್ಬಳೇ ಹೋಗುವ ಯೋಚನೆಯಿತ್ತು. ಜೈನಬಮ್ಮ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದರು. “ಒಬ್ಬಳೇ ಎಂತಕ್ಕೆ? ನಾನೂ ಬರ್ತೇನೆ. ಸಿದ್ಧಕಟ್ಟೆ ಮೇಲೆ ಹೋಗುವ ಬಸ್ಸು ಸಿಗ್ತದೆ, ನಡಿ.”

ಡಾಕ್ಟ್ರ ಕೋಣೆಗೆ ಬಾಗಿಲಿನ ಬದಲು ಹಸಿರು ಪರದೆ. ಮಾಮಿಯನ್ನು (ಅತ್ತೆಯನ್ನು ಅವಳು ಕರೆಯುತ್ತಿದ್ದುದು ಹಾಗೆ) ಹೊರಗಿನ ಬೆಂಚಿನಲ್ಲಿ ಕೂರಿಸಿ, ಅವರ ಕಿವಿ ಮಂದವೆಂಬ ಧೈರ್ಯದಿಂದ ಸೌದಾ ಒಳಗೆ ಹೋದಳು. ಡಾಕ್ಟ್ರು ಪರೀಕ್ಷೆ ಮಾಡಿ, ಕೈ ತೊಳೆದು ಬಂದು, ಪಾಠ ಮಾಡುವವರಂತೆ ನಿಧಾನವಾಗಿ ಮಾತಾಡಿದರು.

“ಗಾಯ ವಾಸಿಯಾಗಿದೆ. ಈಗ ನೋಯುವುದು ಹೆದರಿಕೆಯಿಂದ. ನೋವಾದೀತು ಅಂತ ನೀನು ಹೆದರುತ್ತಿ, ಹೆದರಿದಾಗ ಮೈ ಬಿಗಿಯುತ್ತದೆ, ಬಿಗಿದಾಗ ನೋವಾಗುತ್ತದೆ. ಇದರಲ್ಲಿ ನಿನ್ನ ತಪ್ಪಿಲ್ಲ, ನಿನ್ನ ಗಂಡನದ್ದೂ ಇಲ್ಲ. ನೀನು ಮೊದಲು ನಿನ್ನ ಮೈಯ ಪರಿಚಯ ಮಾಡಿಕೊಳ್ಳಬೇಕು. ಎಲ್ಲಿ ಹಿತ, ಎಲ್ಲಿ ಅಲ್ಲ ಅಂತ ನಿನಗೆ ಗೊತ್ತಾಗಬೇಕು.”

ಸೌದಾ ಸೆರಗಿನ ತುದಿ ತಿರುವುತ್ತ ಕೂತಳು. ಡಾಕ್ಟ್ರು ಹಚ್ಚಿಕೊಳ್ಳಲು ಒಂದು ಜೆಲ್ಲಿ ಬರೆದುಕೊಟ್ಟರು, ಸಡಿಲ ಬಿಡುವ ವ್ಯಾಯಾಮ ಹೇಳಿಕೊಟ್ಟರು. ಆಮೇಲೆ ದನಿ ಬದಲಿಸದೆಯೇ, ನಡುಗುವ ಒಂದು ಸಣ್ಣ ಯಂತ್ರವಿದೆ, ಅದು ಇಂಥವರಿಗೆ ತುಂಬ ಸಹಾಯ ಮಾಡುತ್ತದೆ ಎಂದರು. “ಇಲ್ಲಿಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಗಲ್ಫಿನಲ್ಲಿ ಮಸಾಜ್ ಮೆಶಿನು ಅಂತ ಮಾರುತ್ತಾರೆ. ಮೊದಲ ಸಲ ತೆಗೆದುಕೊಳ್ಳುವವರು ದೊಡ್ಡದರ ಆಸೆ ಮಾಡಬಾರದು. ಹೆಬ್ಬೆರಳಿಗಿಂತ ದಪ್ಪ ಬೇಡ. ಮುಟ್ಟಿದರೆ ನುಣುಪಾಗಿರಬೇಕು, ಸಂದುಗೊಂದು ಇರಬಾರದು, ಸಾಬೂನು ನೀರಿನಲ್ಲಿ ತೊಳೆಯಲಿಕ್ಕೆ ಆಗಬೇಕು. ಸದ್ದು ಕಡಿಮೆ ಇರಬೇಕು. ವೇಗ ನಿಧಾನವಾಗಿ ಏರಿಸುವಂತಿರಬೇಕು. ಸೆಲ್ಲಿನಲ್ಲಿ ನಡೆಯುವುದಾದರೆ ಸಾಕು, ಕರೆಂಟಿನದು ಬೇಡ. ಒಬ್ಬರದ್ದನ್ನು ಇನ್ನೊಬ್ಬರು ಬಳಸಬಾರದು. ಮೊದಲು ಹೊರಗಿಂದ ಮಾತ್ರ, ಅವಸರ ಮಾಡಬಾರದು. ಹಿತವಾಗದಿದ್ದರೆ ಅಲ್ಲಿಗೇ ನಿಲ್ಲಿಸು. ಗಂಡನಿಗೆ ಹೇಳಿ ತರಿಸು.”

“ಅವರ ಹತ್ತಿರ ಹೇಳುವುದು ಹೇಗೆ ಡಾಕ್ಟ್ರೇ?”

“ನನ್ನ ಹತ್ತಿರ ಹೇಳಿದ ಹಾಗೆ” ಎಂದರು ಅನಂತಮತಿ.

ಸೌದಾ ಹೊರಗೆ ಬಂದಾಗ ಜೈನಬಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. “ಎಂತ ಸೆಕೆ ಇಲ್ಲಿ” ಎಂದರು.

ಮನೆಯ ಫೋನು ಚಾವಡಿಯ ನಡುವೆ, ಕಸೂತಿ ಬಟ್ಟೆ ಹೊದ್ದು ಕೂತಿತ್ತು. ಅದರಲ್ಲಿ ಗಂಡನ ಜತೆ ಮಾತಾಡುವುದೂ ಒಂದೇ, ಮಸೀದಿಯ ಮೈಕಿನಲ್ಲಿ ಕೂಗುವುದೂ ಒಂದೇ. ಸೌದಾ ಪೇಟೆಯ ಶೇಖರನ ಎಸ್‌ಟಿಡಿ ಬೂತಿಗೆ ಹೋದಳು. ಗಾಜಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಅವಳು ನಂಬರು ಒತ್ತಿ ಬಾಯಿ ತೆರೆಯಲಾಗದೆ ನಿಂತದ್ದನ್ನು ಕಂಡ ಶೇಖರ ರೇಡಿಯೋ ಜೋರು ಮಾಡಿ, “ನಾನೊಂದು ಚಾ ಕುಡಿದು ಬರ್ತೇನೆ ಅಕ್ಕ” ಎಂದು ರಸ್ತೆ ದಾಟಿದ. ಆ ಪುಣ್ಯಾತ್ಮನನ್ನು ಸೌದಾ ಇಂದಿಗೂ ದುವಾದಲ್ಲಿ ನೆನೆಯುತ್ತಾಳೆ.

ಅವಳು ಹೇಳಿದಳು. ಹೆರಿಗೆಯ ಹೊಲಿಗೆಯಿಂದ ಹಿಡಿದು ಬಜಪೆಯಲ್ಲಿ ಬಾರದ ಕಣ್ಣೀರಿನವರೆಗೆ ಎಲ್ಲವನ್ನೂ ಹೇಳಿದಳು, ಡಾಕ್ಟ್ರು ಹೇಳಿದ ಮೆಶಿನಿನ ಮಾತನ್ನೂ.

“ಕೇಳಿಸ್ತಾ ಉಂಟಾ?”

“ಕೇಳಿಸ್ತಾ ಉಂಟು” ಎಂದ ಇರ್ಷಾದ್. “ನಾನು ಮುಟ್ಟಿದರೆ ನಿನಗೆ ಅಸಹ್ಯ ಆಗ್ತದೆ ಅಂತ ತಿಳಿದಿದ್ದೆ ಸೌದಾ. ಅದಕ್ಕೇ ಬರಲಿಲ್ಲ.”

“ಅಯ್ಯೋ ಅಲ್ಲಾಹ್! ಅಸಹ್ಯ ಅಲ್ಲ, ನೋವು.”

“ನೋವಂತ ಒಂದು ಮಾತು ಹೇಳಬಾರದಿತ್ತಾ?”

“ನೀವು ಒಂದು ಮಾತು ಕೇಳಬಾರದಿತ್ತಾ?”

“ಆ ಮೆಶಿನು ಹೇಗಿರಬೇಕಂತೆ, ಇನ್ನೊಮ್ಮೆ ಹೇಳು” ಎಂದ. ಸಣ್ಣದು, ನುಣುಪು, ತೊಳೆಯುವಂಥದ್ದು, ಸದ್ದಿಲ್ಲದ್ದು ಎಂದು ಸೌದಾ ಒಪ್ಪಿಸಿದಳು. ಶಾಲೆಯಲ್ಲಿ ಮಗ್ಗಿಯನ್ನೂ ಅವಳು ಅಷ್ಟು ತಪ್ಪಿಲ್ಲದೆ ಒಪ್ಪಿಸಿರಲಿಲ್ಲ.

ಇರ್ಷಾದ್ ದುಬೈಯಲ್ಲಿ ಅದನ್ನು ಕೊಂಡ ಕಥೆಯನ್ನು ಆಮೇಲೆ ಅವನ ಬಾಯಿಂದ ಕೇಳಿ ಸೌದಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಂಗಡಿಯ ಮಲಯಾಳಿ ಒಂದು ಮಾರುದ್ದದ ಮೆಶಿನು ತಂದಿಟ್ಟು, ಇದಕ್ಕೆ ಪವರು ಜಾಸ್ತಿ, ಬಿಸಿಯೂ ಆಗುತ್ತದೆ ಎಂದನಂತೆ. ದೊಡ್ಡದನ್ನು ಕೊಟ್ಟರೆ ಹೆಂಡತಿಗೆ ಪ್ರೀತಿಯೂ ದೊಡ್ಡದಾಗಿ ಕಂಡೀತೆಂದು ಇರ್ಷಾದನಿಗೂ ಒಂದು ಗಳಿಗೆ ಅನಿಸಿತಂತೆ. ಮರುಗಳಿಗೆಯಲ್ಲಿ ಅವಳು ಒಪ್ಪಿಸಿದ ಪಾಠ ನೆನಪಾಗಿ, ಕೌಂಟರಿನಲ್ಲಿದ್ದ ಸಣ್ಣವನ್ನೆಲ್ಲ ಒಂದೊಂದಾಗಿ ಚಾಲೂ ಮಾಡಿ, ಕೈಗಡಿಯಾರದ ಟಿಕ್‌ಟಿಕ್ ಕೇಳುವವನಂತೆ ಕಿವಿಗೆ ಹಿಡಿದು ನೋಡಿದ. ಜೇನುಹುಳದಂತೆ ಗುಂಯ್‌ಗುಟ್ಟಿದ್ದನ್ನೆಲ್ಲ ಬದಿಗಿಟ್ಟ. ಬೆರಳಿನಿಂದ ಸವರಿ ಸಂದು ಸಿಕ್ಕಿದ್ದನ್ನೂ ಬಿಟ್ಟ. “ನೋವು ಎಲ್ಲಿ?” ಎಂದು ಮಲಯಾಳಿ ಕೇಳಿದ್ದಕ್ಕೆ, “ನೋವು ದೊಡ್ಡದೇ, ಆದರೆ ಮೆಶಿನು ಸಣ್ಣದು ಸಾಕು” ಎಂದನಂತೆ. ಕೊನೆಗೆ ಉಳಿದದ್ದು ನಸುಗುಲಾಬಿ ಬಣ್ಣದ, ಹುಣಸೆಕಾಯಿಯಷ್ಟು ಉದ್ದದ ಒಂದು ವಸ್ತು. ಡಬ್ಬದ ಮೇಲೆ ಕುತ್ತಿಗೆಗೆ ಅದನ್ನು ಒತ್ತಿಕೊಂಡು ನಗುವ ಹೆಂಗಸಿನ ಚಿತ್ರವಿತ್ತು.

ಇಷ್ಟು ಜಾಣತನದಿಂದ ಆರಿಸಿದವನು ತರುವಾಗ ಎಡವಟ್ಟು ಮಾಡಿಕೊಂಡ. ಕೈಚೀಲದಲ್ಲಿಟ್ಟರೆ ಬೊಂಬಾಯಿಯ ಕಸ್ಟಮ್ಸಿನವರು ತೆಗೆಸಿ ನೋಡಿಯಾರೆಂದು ಹೆದರಿ, ಪೆಟ್ಟಿಯ ಅಡಿಯಲ್ಲಿ, ಉಮ್ಮನಿಗೆಂದು ಕೊಂಡ ಕಂಬಳಿಯ ಮಡಿಕೆಯೊಳಗೆ ಅಡಗಿಸಿಟ್ಟ. ಕಸ್ಟಮ್ಸಿಗೆ ಹೆದರಿದವನಿಗೆ ತನ್ನ ಮನೆಯ ಚಾವಡಿ ನೆನಪಾಗಲಿಲ್ಲ.

ಗಲ್ಫಿನಿಂದ ಬಂದವನ ಪೆಟ್ಟಿ ಬಿಚ್ಚುವುದೆಂದರೆ ಕರಾವಳಿಯ ಬ್ಯಾರಿ ಮುಸ್ಲಿಮರ ಮನೆಯಲ್ಲಿ ಆಗ ಸಣ್ಣ ಮದುವೆಯಂತೆಯೇ. ಅತ್ತರಿನ, ಸಾಬೂನಿನ, ಖರ್ಜೂರದ ಘಮ ಬೀದಿಯವರೆಗೆ ಹೋಗುತ್ತದೆ. ಹಗ್ಗ ಕೊಯ್ಯುವ ಮೊದಲೇ ನೆಂಟರಿಷ್ಟರು ಸುತ್ತ ಕೂತಾಗಿರುತ್ತದೆ. ತಂದವನು ಯಾರೇ ಇರಲಿ, ಹಂಚುವ ಹಕ್ಕು ಮನೆಯ ಹಿರಿಯ ಹೆಂಗಸಿನದು. ಅವಳು ಎತ್ತಿ ಹೆಸರು ಹೇಳುವವರೆಗೆ ಯಾವ ವಸ್ತುವೂ ಯಾರದ್ದೂ ಅಲ್ಲ. ಅವಳು ತನಗೆಂದು ಇಟ್ಟುಕೊಂಡದ್ದನ್ನು ಮತ್ತೆ ಯಾರೂ ಕೇಳುವಂತಿಲ್ಲ.

ಆ ದಿನವೂ ಜೈನಬಮ್ಮ ಪೆಟ್ಟಿಯ ಮುಂದೆ ಕಾಲು ಮಡಚಿ ಕೂತು ಟಾರ್ಚು, ಹಾಲುಪುಡಿ, ಸೀರೆ, ಸೆಂಟು ಎಂದು ಹಂಚುತ್ತ ಬಂದರು. ಕೊನೆಗೆ ಕಂಬಳಿ ತೆಗೆದು ಎರಡು ಕೈಯಲ್ಲಿ ಕೊಡವಿದರು. ಡಬ್ಬ ಠಕ್ಕೆಂದು ನೆಲಕ್ಕೆ ಬಿದ್ದು ಉರುಳಿತು.

ಇರ್ಷಾದನ ಮುಖ ಕಪ್ಪಿಟ್ಟಿತು. ಸೌದಾ ಅಡುಗೆಮನೆಯ ಬಾಗಿಲಿನ ದಾರಂದ ಹಿಡಿದುಕೊಂಡಳು. ಡಬ್ಬವನ್ನು ಎತ್ತಿದವಳು ಬೆಳ್ತಂಗಡಿಗೆ ಕೊಟ್ಟಿದ್ದ ಮಗಳು, ಇರ್ಷಾದನ ತಂಗಿ ಶಬ್ನಾ. ಪಿಯುಸಿ ಓದಿದವಳು, ಗಟ್ಟಿಯಾಗಿಯೇ ಓದಿದಳು. “ಬಾಡಿ ಮಸಾಜರ್! ಇದು ಹೊಸತು ಮಾರಾಯ್ರೇ. ನನ್ನ ಮಾಮಿಗೆ ಸೊಂಟನೋವು, ನಾನು ಕೊಂಡುಹೋಗ್ತೇನೆ. ಒಮ್ಮೆ ಬಿಚ್ಚಿ ನೋಡುವ.”

“ಇತ್ತ ಕೊಡು” ಎಂದರು ಜೈನಬಮ್ಮ. “ಬಿಚ್ಚಬೇಡ. ಅದು ನನ್ನ ಮೊಣಕಾಲಿಗೆ.”

“ನಿಮಗೆ ಯಾವಾಗಿನಿಂದ ಮೊಣಕಾಲು ನೋವು?”

“ನಿನ್ನನ್ನು ಹೆತ್ತ ದಿನದಿಂದ.”

ಎಲ್ಲರೂ ನಕ್ಕರು. ಡಬ್ಬ ಜೈನಬಮ್ಮನ ಕಬಾಟು ಸೇರಿತು, ಕೀಲಿ ಅವರ ಸೊಂಟ ಸೇರಿತು. ಸೌದಾ ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಬೂತಿನಲ್ಲಿ ಧೈರ್ಯ ಮಾಡಿ ಹೇಳಿದ್ದು, ಅವನು ಅಂಗಡಿಯಲ್ಲಿ ಹುಡುಕಿದ್ದು, ಎಲ್ಲವೂ ಒಂದು ಕಂಬಳಿ ಕೊಡವಿದ್ದರಲ್ಲಿ ಮುಗಿದುಹೋಗಿತ್ತು. ನೆಟ್ಟಗೆ ನಡೆಯುವ ಮುದುಕಿಗೆ ಇಲ್ಲದ ನೋವು ಹೇಳಿ ಕಿತ್ತುಕೊಳ್ಳುವ ಆಸೆಯೇ ಎಂದು ಸಿಟ್ಟೂ ಬಂತು. “ಉಮ್ಮನ ಹತ್ತಿರ ಕೇಳಿ ನೋಡ್ತೇನೆ” ಎಂದ ಇರ್ಷಾದ್. “ಎಂತ ಹೇಳಿ ಕೇಳ್ತೀರಿ?” ಎಂದಳು ಸೌದಾ.

ಮರುದಿನ ಶಬ್ನಾ ತನ್ನ ಪಾಲು ಕಟ್ಟಿಕೊಂಡು ಬೆಳ್ತಂಗಡಿ ಬಸ್ಸು ಹತ್ತಿದಳು. ಮಧ್ಯಾಹ್ನದ ಊಟವಾದ ಮೇಲೆ ಜೈನಬಮ್ಮ ಸೊಸೆಯನ್ನು ತಮ್ಮ ಕೋಣೆಗೆ ಕರೆದು ಬಾಗಿಲಿಗೆ ಚಿಲಕ ಹಾಕಿದರು. ಕಬಾಟು ತೆರೆದು ಡಬ್ಬ ತೆಗೆದರು. ಅಂಗಡಿಯವನು ಹಚ್ಚಿದ ಟೇಪು ಹಾಗೆಯೇ ಇತ್ತು.

“ತೆಗೆದುಕೊ. ನಿನ್ನದು.”

ಸೌದಾ ಕೈ ಚಾಚಲಿಲ್ಲ. “ಮಾಮಿ, ಅದು... ನಿಮ್ಮ ಮೊಣಕಾಲು...”

“ನನ್ನ ಮೊಣಕಾಲಿಗೆ ಎಂತ ಧಾಡಿ? ನಿನ್ನೆ ನಾನು ಹಾಗೆ ಹೇಳದಿದ್ದರೆ ಇದು ಇಷ್ಟು ಹೊತ್ತಿಗೆ ಬೆಳ್ತಂಗಡಿಯಲ್ಲಿ ಇರ್ತಿತ್ತು. ಅವಳ ಮಾಮಿ ಇದನ್ನು ಸೊಂಟಕ್ಕೆ ಹಿಡಿದು ಊರೆಲ್ಲ ಮೆರವಣಿಗೆ ಮಾಡ್ತಿದ್ದಳು.”

ಸೌದಾಳಿಗೆ ನಿಧಾನವಾಗಿ ಅರ್ಥವಾಗುತ್ತ ಬಂತು. “ನಿಮಗೆ ಹೇಗೆ ಗೊತ್ತು?”

“ಆ ಡಾಕ್ಟ್ರಮ್ಮನ ಕೋಣೆಗೆ ಬಾಗಿಲು ಎಲ್ಲುಂಟು? ಒಂದು ಪರದೆ.” ಜೈನಬಮ್ಮ ಮಂಚದ ಅಂಚಿನಲ್ಲಿ ಕೂತರು. “ನನ್ನ ಕಿವಿ ಮಂದ ಅಂತ ನೀವೆಲ್ಲ ಹೇಳಿಕೊಳ್ತೀರಿ, ನಾನೂ ಇರಲಿ ಅಂತ ಬಿಟ್ಟಿದ್ದೇನೆ. ಬಜಪೆಯಲ್ಲಿ ನೀನು ಅಳದೆ ನಿಂತದ್ದನ್ನು ಕಂಡ ದಿನವೇ ಏನೋ ಉಂಟು ಅಂತ ಅನಿಸಿತ್ತು. ಯಾಕೆಂದರೆ ಮೋಳೇ, ಇರ್ಷಾದನ ಬಾಪ ಬೊಂಬಾಯಿಗೆ ಹೋಗುವಾಗ ನಾನೂ ಅಳುತ್ತಿರಲಿಲ್ಲ.”

ಅವರ ದನಿ ಸಣ್ಣದಾಯಿತು. “ಒಳ್ಳೆಯ ಮನುಷ್ಯ, ಅಲ್ಲಾಹ್ ಅವರಿಗೆ ಸ್ವರ್ಗ ಕೊಡಲಿ. ಆದರೆ ನನಗೂ ನೋಯುತ್ತಿತ್ತು. ಮಕ್ಕಳೆಲ್ಲ ಆಗುವವರೆಗೂ ನೋಯುತ್ತಿತ್ತು. ಹೆಂಗಸಿಗೆ ಅದು ಇರುವುದೇ ಹಾಗೆ ಅಂತ ನಾನು ತಿಳಿದಿದ್ದೆ. ಹಾಗಲ್ಲ ಅಂತ ನನಗೆ ಗೊತ್ತಾದದ್ದು ಆ ಬೆಂಚಿನಲ್ಲಿ ಕೂತಾಗ. ನನ್ನ ಕಾಲ ಮುಗಿಯಿತು. ನಿನ್ನದು ಹಾಗಾಗುವುದು ಬೇಡ.”

ಸೆಕೆ ಎಂದು ಆ ದಿನ ಅವರು ಒರೆಸಿಕೊಂಡದ್ದು ಬೆವರಲ್ಲ ಎಂದು ಸೌದಾಳಿಗೆ ಆಗ ತಿಳಿಯಿತು. ಅವಳು ನೆಲಕ್ಕೆ ಕುಸಿದು ಅತ್ತೆಯ ಮೊಣಕಾಲಿಗೆ, ಯಾವ ನೋವೂ ಇಲ್ಲದ ಆ ಮೊಣಕಾಲಿಗೆ, ಹಣೆ ಒತ್ತಿ ಅತ್ತಳು. ಇಷ್ಟು ವರ್ಷ ಒಬ್ಬಳೇ ಹೊತ್ತೆನೆಂದು ತಿಳಿದದ್ದನ್ನು ಇವರು ಬದಿಯಲ್ಲೇ ನಿಂತು ನೋಡುತ್ತಿದ್ದರು. ತಾಯಿಯ ಹತ್ತಿರವೂ ಹೇಳಲಾಗದೆ ಉಳಿದದ್ದನ್ನು ಇವರು ಕೇಳದೆಯೇ ತಿಳಿದುಕೊಂಡಿದ್ದರು.

“ಏಳು, ಏಳು. ಗಂಡ ಚಾವಡಿಯಲ್ಲಿ ಕಾದು ಕೂತಿದ್ದಾನೆ, ಪಾಪ. ನನಗೆ ಈಗ ಏನೂ ಕೇಳಿಸುವುದಿಲ್ಲ” ಎಂದು ಜೈನಬಮ್ಮ ಗೋಡೆಯ ಕಡೆ ತಿರುಗಿ ಮಲಗಿದರು.

ಡಬ್ಬ ಬಿಚ್ಚಿದರೆ ಸೆಲ್ಲೇ ಇರಲಿಲ್ಲ. ಇರ್ಷಾದ್ ಗೋಡೆಗಡಿಯಾರದ ಸೆಲ್ಲು ಕಿತ್ತು ಹಾಕಿದ. ಆ ಪುಟ್ಟ ವಸ್ತು ಅಂಗೈಯಲ್ಲಿ ನಡುಗಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಮಧ್ಯಾಹ್ನ ನಕ್ಕದ್ದೇ ಹೆಚ್ಚು. ಎಷ್ಟೋ ಕಾಲದ ಮೇಲೆ ಒಬ್ಬರಿಗೊಬ್ಬರು ಹೆದರದೆ ಹತ್ತಿರ ಮಲಗಿದ್ದರು. ನೋವು ಮಾಯವಾಗಲು ಸಮಯ ಹಿಡಿಯಿತು. ಡಾಕ್ಟ್ರು ಹೇಳಿದಂತೆ ಅವರು ಅವಸರ ಮಾಡಲಿಲ್ಲ. ಒಂದು ದಿನ ಅದು ಕೈಗೆ ಹಿತವೆನಿಸಿತು, ಇನ್ನೊಂದು ದಿನ ಮೈಗೂ. ‘ಇಲ್ಲಿ ಬೇಡ’, ‘ಇಲ್ಲಿ ಆದೀತು’ ಎಂದು ಹೇಳಲು ಸೌದಾ ಕಲಿತಳು, ಕೇಳಲು ಇರ್ಷಾದ್ ಕಲಿತ. ಸುಖ ಎಂಬುದು ತನ್ನ ಮೈಯಲ್ಲೂ ಇದೆ ಎಂದು ತಿಳಿದ ದಿನ ಅವಳು ಎದ್ದು ಮಿಂದು, ಬಹಳ ಹೊತ್ತು ನಮಾಜಿನ ಚಾಪೆಯ ಮೇಲೆ ಕೂತಳು. ರಜೆ ಮುಗಿಯುವ ಮೊದಲು ಇಬ್ಬರೂ ಖರ್ಜೂರದ ಡಬ್ಬ ಹಿಡಿದು ಮೂಡಬಿದ್ರೆಗೆ ಹೋದರು. ಅನಂತಮತಿ ಇಬ್ಬರ ಮುಖ ನೋಡಿ ಏನೂ ಕೇಳದೆ ಖರ್ಜೂರ ಬಾಯಿಗೆ ಹಾಕಿಕೊಂಡರು.

ಕಷ್ಟಕ್ಕೆ ಸಿಕ್ಕಿದವರು ಜೈನಬಮ್ಮ. ಮೊಣಕಾಲು ನೋವೆಂದು ಸಭೆಯಲ್ಲಿ ಹೇಳಿಯಾಗಿತ್ತಲ್ಲ, ಆ ರಜೆಯುದ್ದಕ್ಕೂ ನೆಂಟರು ಬಂದಾಗಲೆಲ್ಲ ಅವರು ಕುಂಟಬೇಕಾಯಿತು. ಒಮ್ಮೊಮ್ಮೆ ಯಾವ ಕಾಲೆಂದು ಮರೆತು ಎಡಕ್ಕೂ ಕುಂಟುತ್ತಿದ್ದರು, ಬಲಕ್ಕೂ ಕುಂಟುತ್ತಿದ್ದರು. ಖದೀಜ ಬಂದು, “ನನಗೂ ಒಂದು ದಿನ ಕೊಡಿ ಜೈನಬಮ್ಮ, ಭುಜ ಹಿಡಿದಿದೆ” ಎಂದಾಗ, “ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ” ಎಂದರು. ಅದು ಸುಳ್ಳೂ ಅಲ್ಲ.

ಇರ್ಷಾದ್ ಹೊರಡುವ ದಿನ ಬಂತು. ಬಜಪೆಯಲ್ಲಿ ಅದೇ ಜೀಪು, ಅದೇ ಡ್ರೈವರು, ಶಬ್ನಾ, ಅವಳ ಗಂಡ, ನೆಂಟರು. ಜೈನಬಮ್ಮ ಶಬ್ನಾಳ ಹೆಗಲು ಹಿಡಿದು ಕುಂಟುತ್ತಲೇ ಇಳಿದರು. ಇರ್ಷಾದ್ ಎಲ್ಲರಿಗೂ ಸಲಾಂ ಹೇಳಿ, ಕೊನೆಗೆ ಸೌದಾಳನ್ನು ನೋಡಿದ. ಅವಳೂ ನೋಡಿದಳು. ಅವನು ಬಾಗಿಲು ದಾಟಿದ್ದೇ ತಡ, ಅವಳ ಬಾಯಿಂದ ಒಂದು ಬಿಕ್ಕು ಹೊರಬಂತು. ತಡೆಯಲು ನೋಡಿದಳು, ಆಗಲಿಲ್ಲ. ನೆರೆದವರೆಲ್ಲ ತಿರುಗಿ ನೋಡುವಂತೆ ಸೌದಾ ಗೋಳೋ ಎಂದು ಅತ್ತಳು.

ಜೈನಬಮ್ಮ ಶಬ್ನಾಳ ಹೆಗಲು ಬಿಟ್ಟರು. ಕುಂಟುವುದನ್ನೂ ಮರೆತು ನೆಟ್ಟಗೆ, ಬಿರುಸಾಗಿ ನಡೆದು ಬಂದು, ಸೊಸೆಯನ್ನು ಎದೆಗೆ ಒತ್ತಿಕೊಂಡು, “ಅಲ್ಹಂದುಲಿಲ್ಲಾ” ಎಂದರು.